ಪಾಡ್ ದೋಣಿಗೆ ಹಾಕಿದ ಹಾರ

ದುರ್ಗಿಗುಡಿಯ ವ್ಯಾಪಾರಿ ರುದ್ರಪ್ಪನವರು ಭದ್ರಾ ಹಿನ್ನೀರಿನಲ್ಲಿ ಪ್ರವಾಸಿಗರಿಗಾಗಿ ಮೋಟಾರ್ ದೋಣಿ ಬಿಡುವವರಿದ್ದರು. ಹಿಂಬದಿಗೆ ನೇತುಹಾಕುವ ಹಳೆಯ ಎಂಜಿನ್ ಒಳ್ಳೆಯದೋ, ದೋಣಿಯ ಹೊಟ್ಟೆಯಡಿ ಮೋಟಾರೂ ಪ್ರೊಪೆಲ್ಲರೂ ಒಟ್ಟಿಗಿರುವ ಹೊಸ ಪಾಡ್ ಒಳ್ಳೆಯದೋ ನೋಡಿ ಹೇಳಲು ದೋಣಿ ಎಂಜಿನಿಯರಾದ ನನ್ನನ್ನು ಕರೆದಿದ್ದರು.

ಪಾಡ್ ದೋಣಿಗೆ ಆಗಲೇ ಪೂಜೆಯಾಗಿ, ಮೂತಿಗೆ ಉದ್ದನೆಯ ಚೆಂಡುಹೂವಿನ ಹಾರ ಬಿದ್ದಿತ್ತು.

"ಅದನ್ನು ತೆಗೆಸಿ, ನೀವು ಲೈಫ್ ಜಾಕೆಟ್ ಹಾಕಿ" ಎಂದೆ.

"ಪೂಜೆ ಹಾರ ತೆಗೀತಾರಾ ಸಾರ್?"

ಜಾಕೆಟ್ ಹಾಕಿಸಿದೆ. ಹಾರದ ವಿಷಯದಲ್ಲಿ ಸೋತೆ.

ಚಾಲಕನೊಂದಿಗೆ ಪರೀಕ್ಷೆಗೆ ಹೊರಟೆವು. ನಡುನೀರಿನಲ್ಲಿ ಹಾರ ಕಳಚಿ ಬಿತ್ತು. ದೋಣಿ ಅದರ ಮೇಲೆಯೇ ಹಾದು ತಟ್ಟನೆ ನಿಂತಿತು. ಹಾರದ ನೈಲಾನ್ ದಾರ ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು. ಹಳೆಯ ಎಂಜಿನ್ನಾದರೆ ಮೇಲಕ್ಕೆತ್ತಿ ಕೂತಲ್ಲೇ ಬಿಡಿಸಬಹುದು, ಇದಕ್ಕೆ ನೀರಿಗಿಳಿಯಬೇಕು. ಗಾಳಿ ಬೇರೆ ನಮ್ಮನ್ನು ಮುಳುಗಿದ ಮರಗಳ ಬೊಡ್ಡೆಗಳತ್ತ ತಳ್ಳುತ್ತಿತ್ತು.

ಕಾಗದನಗರದಿಂದ ಬಂದಿದ್ದ ಚಾಲಕ ಸೆಲ್ವಂ ಚಾಕು ಹಿಡಿದು ಧುಮುಕಿದ. ನಾನು ಮೋಟಾರಿನ ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದೆ. ಮೋಟಾರ್ ಅಪ್ಪಿತಪ್ಪಿ ಆನ್ ಆದರೆ ಅವನ ಕೈಯೇ ಹೋಗುತ್ತಿತ್ತು. ದೋಣಿಯಡಿ ಒಮ್ಮೆ ಏನೋ ಗೀರಿದ ಸದ್ದಾಯಿತು. ಆಮೇಲೆ ಏನೂ ಇಲ್ಲ.

"ಸೆಲ್ವಂ! ಲೇ ಸೆಲ್ವಂ!" ರುದ್ರಪ್ಪ ಕೂಗಿದರು.

ಕೊನೆಗೆ ಅವನು ಇನ್ನೊಂದು ಬದಿಯಲ್ಲಿ ತಲೆಯೆತ್ತಿದ. ಕೈಯಲ್ಲಿ ಕತ್ತರಿಸಿದ ದಾರ, ಕಿವಿಯ ಮೇಲೊಂದು ಚೆಂಡುಹೂವು.

"ಪೂಜೆ ಮಾಡಿದ್ದು ದೋಣಿಗೆ ಮಾರಾಯ, ನಿನಗಲ್ಲ!" ಎಂದರು ರುದ್ರಪ್ಪ. ದನಿ ಮಾತ್ರ ಅಳುವಂತಿತ್ತು.

ಹಳೆಯ ಮಾದರಿಯನ್ನೇ ಕೊಂಡರು. ಮೊನ್ನೆ ಫೋನ್ ಮಾಡಿ, "ಸಾರ್, ಇದಕ್ಕೆ ಹಾರ ಎಲ್ಲಿ ಹಾಕ್ಲಿ?" ಎಂದು ಕೇಳಿದರು.

"ನಿಮ್ಮ ಕೊರಳಿಗೆ ಹಾಕಿಕೊಳ್ಳಿ, ಜಾಕೆಟ್ ಮೇಲೆ" ಎಂದೆ.