ಊದದ ಕೊಳಲುಗಳು

ಜೇವರ್ಗಿಯ ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಳೆಗಾಲವಿಡೀ ರೆಕಾರ್ಡರ್ ಎಂಬ ಪ್ಲಾಸ್ಟಿಕ್ ಕೊಳಲು ಊದಲು ಕಲಿಸಿದ್ದೆ. ವಾರ್ಷಿಕೋತ್ಸವದ ದಿನ ಹೆಡ್‌ಮಾಸ್ತರರು ತಮ್ಮ ಮೊಬೈಲನ್ನು ಸ್ಪೀಕರಿಗೆ ಜೋಡಿಸಿದರು. ಹಾಡು ಅದರಿಂದ ಬರುತ್ತದಂತೆ, ಮಕ್ಕಳು ಬರೀ ಬೆರಳಾಡಿಸಬೇಕಂತೆ.

"ಯಾರರ ಊದಿದ್ರ ನೋಡ್ರಲೇ ಮತ್ತ!" ಎಂದು ಮಕ್ಕಳನ್ನು ಗದರಿದರು.

"ಸರ, ಅವರಿಗೆ ಛಲೋ ಬರ್ತದ್ರಿ," ಎಂದೆ.

"ಶಿಕ್ಷಣ ಇಲಾಖೆ ಸಾಹೇಬ್ರು ಬರಾಕತ್ತಾರ, ಟೀಚರ್. ನಿಮ್ಮ ಪೀಪಿ ಮದುವಿ ಮನ್ಯಾಗ ಇಟ್ಕೋರಿ."

ಹಾಡಿನ ನಡುವೆ ಕರೆಂಟು ಹೋಯಿತು. "ಊದ್ರಿ!" ಎಂದು ಕೂಗಿದೆ. ಕೂಗಿದ್ದು ನಿಜವೋ, ಈಗ ಸೇರಿಸುತ್ತಿದ್ದೇನೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಸಿಟ್ಟನ್ನು ನಂಬುತ್ತೇನೆ. ಒಂದು ಮಗುವೂ ಊದಲಿಲ್ಲ. ಹೆಡ್‌ಮಾಸ್ತರರ ಮುಖವನ್ನೇ ನೋಡುತ್ತ, ಒಂದು ತೂತೂ ತಪ್ಪದಂತೆ ಬೆರಳಾಡಿಸುತ್ತ, ಸದ್ದಿಲ್ಲದೆ ಹಾಡು ಮುಗಿಸಿದರು. ಸಾಹೇಬರು ಚಪ್ಪಾಳೆ ತಟ್ಟಿದರು.