ಆಲಿವ್ ತೋಟದ ಸ್ವೆಟರ್

ಬೆಳಕು ಹರಿಯುವ ಮುಂಚೆಯೇ ಹುನಗುಂದದ ಗುರವ್ವ ಸಗಣಿ ಬಾಚಿ, ನೀರು ತುಂಬಿ, ಎಮ್ಮೆ ಹಿಂಡಿ, ರೊಟ್ಟಿ ಬಡಿದು ಮುಗಿಸಿರುತ್ತಾಳೆ. ಅಂದು ಅವಳ ತವರಿನಿಂದ ಬಂದ ಎರಡೆಕರೆ ಹೊಲಕ್ಕೆ ಆಲಿವ್ ಸಸಿ ಮಾರಲು ಒಬ್ಬ ಬಂದಿದ್ದ.

"ಸಾವಯವ ಬೆಳಿರಿ. ಹುಳದ ಎಣ್ಣಿ ಹೊಡಿಯೂದಿಲ್ಲ, ಬರೇ ಸಗಣಿಗೊಬ್ಬರ."

"ಆ ಗೊಬ್ಬರ ಹೊರೋರು ಯಾರ್ರಿ?" ಎಂದಳು ಗುರವ್ವ.

"ನೀವ ಅದೀರಲ್ರಿ, ಅಕ್ಕಾರ!"

ಗಂಡ ಅಮಾತೆಪ್ಪ ನಕ್ಕ. "ಇಕಿಗಿ ಎಲ್ಲಾದರಾಗೂ ಸಂಶೇನರಿ."

ಬಂದವನು ಮೊಬೈಲಿನಲ್ಲಿ ಕಾಯಿ ತುಂಬಿದ ತೋಟ ತೋರಿಸಿದ. ಕಾಯಿ ಬಿಡಿಸುವ ಹೆಂಗಸರೆಲ್ಲ ಸ್ವೆಟರ್ ತೊಟ್ಟಿದ್ದರು.

"ಈ ಗಿಡಕ್ಕ ಚಳಿ ಬೇಕೇನ್ರಿ?" ಗುರವ್ವ ಕೇಳಿದಳು.

"ಗಿಡ ಹೊಂದಿಕೊಳ್ತೈತ್ರಿ."

"ನಮ್ಮ ಬಿಸಲಾಗ ಕಾಯಿ ಹಿಡದದ್ದು ಒಂದು ಗಿಡ ತೋರಸ್ರಿ."

ಅವನು ಮೊಬೈಲನ್ನು ಕಿಸೆಗಿಟ್ಟ. ಅಮಾತೆಪ್ಪ ಇನ್ನೊಮ್ಮೆ ಚಹಾ ಮಾಡಲು ಹೇಳಿದ. ಗುರವ್ವ ಒಲೆ ಹಚ್ಚಲಿಲ್ಲ. ಯಾರನ್ನೂ ಕೇಳದೆ, ಕುಸುಬಿ ಬೀಜದ ಚೀಲ ಹೊತ್ತು, ತನ್ನ ಹೊಲ ಬಿತ್ತಲು ನಡೆದಳು.