ಚರಗದ ಅನ್ನಕ್ಕೆ ಯಾರೂ ಬರಲಿಲ್ಲ

ಗೆಳೆಯರೇ, ಇವತ್ತು ಎಳ್ಳಮಾವಾಸ್ಯೆ. ಕುರುಗೋಡಿನ ನಮ್ಮ ಕಡಲೆ ಹೊಲದಲ್ಲಿ ಭೂತಾಯಿಗೆ ಎಡೆ ಮಾಡಿದ ಅನ್ನವನ್ನು ಚರಗವಾಗಿ ಚೆಲ್ಲಿದೆವು. ಪ್ರತಿ ವರ್ಷ ಆ ಅನ್ನಕ್ಕೆ ಇಳಿಯುವ ಹಕ್ಕಿಗಳು ಕಾಯಿ ಕೊರೆಯುವ ಹುಳುಗಳನ್ನೂ ಹೆಕ್ಕಿ ತಿನ್ನುತ್ತಿದ್ದವು. ಈ ಸಲ ಮಹಾಯುದ್ಧ ಮುಗಿಸಿ ಬಂದ ಮೈದುನ ಹಬ್ಬಕ್ಕೆ ಮೊದಲೇ, ಸೈನ್ಯದಲ್ಲಿ ಕಂಡಿದ್ದ ಹುಳು ಕೊಲ್ಲುವ ಡಿಡಿಟಿ ಪುಡಿ ಎರಚಿದ್ದ.

ಒಂದು ಹುಳುವೂ ಇರಲಿಲ್ಲ. ಎಷ್ಟು ಕೂಗಿದರೂ ಒಂದು ಕಾಗೆಯೂ ಬರಲಿಲ್ಲ. ಅನ್ನಕ್ಕೆ ಇರುವೆ ಕೂಡ ಮುತ್ತಲಿಲ್ಲ.

"ನೋಡ್ರಿ, ಹೊಲ ಎಷ್ಟು ಸ್ವಚ್ಛ ಐತಿ," ಅಂದ ಮೈದುನ.

"ಸುಡುಗಾಡಿನಾಗೂ ಕಾಗಿ ಇರ್ತಾವಲೇ," ಅಂದರು ಮಾವ.

ಅತ್ತೆ ವಾಡಿಕೆಯಂತೆ ಹಸಿ ಕಡಲೆಸೊಪ್ಪು ಚಿವುಟಿ ಎಲ್ಲರ ರೊಟ್ಟಿಯ ಮೇಲಿಟ್ಟರು. ಪುಡಿ ಎರಚಿದವನೇ ಮೊದಲು ತಿನ್ನಲಿ ಎಂದು ಎಲ್ಲರೂ ಅವನ ಕೈ ನೋಡಿದೆವು.

"ನನಗ ಹಸಿವಿಲ್ಲ ಬಿಡವ್ವ," ಅಂದ.

ಕಾಗೆಗಳೂ ಇದನ್ನೇ ಹೇಳಿ ಹೋಗಿರಬೇಕು.